ಸೀರೆ ಮಡಿಸಲು ಬಾರದ ನಮ್ಮತ್ತೆ

ನಮ್ಮತ್ತೆಗೆ ಸೀರೆ ಮಡಿಸೋಕೆ ಬರುವುದಿಲ್ಲ.

ಈ ಮಾತನ್ನು ಬೇರೆ ಊರಿನವರ ಮುಂದೆ ಹೇಳಿದರೆ "ಅದಕ್ಕೇನೀಗ?" ಅಂತ ಕೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ದೊಡ್ಡಬಳ್ಳಾಪುರದವರ ಮುಂದೆ ಹೇಳಿ ನೋಡಿ, ಗೊತ್ತಾಗುತ್ತೆ! ಬೀದಿಗೆ ಬೀದಿಯೇ ಮಗ್ಗದ ಸದ್ದಿಗೆ ಎದ್ದು, ಆ ಸದ್ದಿನಲ್ಲೇ ತೂಕಡಿಸುವ ಊರು ನಮ್ಮದು. ಇಲ್ಲಿ ಹಾಲುಹಲ್ಲು ಬೀಳುವ ಮುಂಚೆಯೇ ಮಕ್ಕಳು ಸೀರೆಯ ಒಂದು ತುದಿ ಹಿಡಿದು ನಿಂತಿರುತ್ತವೆ. ಅಂಥ ಊರಲ್ಲಿ, ನಾಲ್ಕು ಮಗ್ಗದ ಮನೆಯಲ್ಲಿ, ಸೀರೆ ಮಡಿಸಿದರೆ ಇಸ್ತ್ರಿ ಮಾಡಿದ ಹಾಗಿರುತ್ತೆ ಅಂತ ಹೆಸರು ಪಡೆದ ನಮ್ಮಪ್ಪನ ಸ್ವಂತ ತಂಗಿ ಈಕೆ. ಈಕೆ ಮಡಿಸಿದ ಸೀರೆ ನೋಡಿದರೆ ಯಾರೋ ಅದರಲ್ಲಿ ಕುಂಬಳಕಾಯಿ ಕಟ್ಟಿಟ್ಟಿದ್ದಾರೆ ಅನ್ನಬೇಕು.

ಇನ್ನೂ ತಮಾಷೆ ಏನು ಗೊತ್ತಾ? ದಿನಾ ಬಸ್ಸು ಹತ್ತಿ ಯಲಹಂಕ ದಾಟಿ ಹೋಗಿ, ಬೆಂಗಳೂರಿನ ಲ್ಯಾಬೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಈಕೆ ಮಾಡುತ್ತಿರುವ ಸಂಶೋಧನೆ ಇದೆಯಲ್ಲ, ಅದು ಮಡಿಸುವುದರ ಬಗ್ಗೆಯೇ! ಸೀರೆಯಲ್ಲ, ಪ್ರೋಟೀನು.

ಪಕ್ಕದ ಮನೆಯ ರತ್ನಕ್ಕ ಒಂದು ಸಲ ಜಗಲಿ ಮೇಲೆ ಹಿಡಿದು ಕೂರಿಸಿ ಕೇಳೇಬಿಟ್ಟರು. "ಅಲ್ಲಮ್ಮ, ಅಷ್ಟು ದೂರ ಹೋಗಿ ನೀನು ಮಾಡೋದಾದ್ರೂ ಏನು?"

ಕೇಳಬಾರದಾಗಿತ್ತು. ಅತ್ತೆ ಕೈಚೀಲ ಕೆಳಗಿಟ್ಟು ಶುರು ಮಾಡಿದಳು. "ನಮ್ಮ ಮೈಯೊಳಗೆ ಪ್ರೋಟೀನು ಅಂತಿರುತ್ತೆ ರತ್ನಕ್ಕ. ತಯಾರಾಗುವಾಗ ಉದ್ದಕ್ಕೆ ನೂಲಿನ ಥರ ಇರುತ್ತೆ. ಆಮೇಲೆ ತನ್ನ ಪಾಡಿಗೆ ತಾನು ಮಡಿಸ್ಕೊಳುತ್ತೆ. ಸರಿಯಾಗಿ ಮಡಿಸ್ಕೊಂಡ್ರೆ ಕೆಲಸ ಮಾಡುತ್ತೆ. ಕೆಲವು ಸಲ ತಪ್ಪಾಗಿ ಮಡಿಸ್ಕೊಂಡು, ಒಂದಕ್ಕೊಂದು ಅಂಟ್ಕೊಂಡು ಗಂಟಾಗ್ಬಿಡುತ್ತೆ. ಮೆದುಳಲ್ಲಿ ಹಂಗಾದ್ರೆ ಕೆಲವರಿಗೆ ಮರೆವು ಬರುತ್ತೆ, ಕೆಲವರಿಗೆ ಕೈ ನಡುಗುತ್ತೆ. ಅದು ಹೆಂಗೆ ಗಂಟಾಗುತ್ತೆ ಅಂತ ನಾವು ನೋಡ್ತೀವಿ."

ರತ್ನಕ್ಕ ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಉಗಿದು ಬಂದು ಹೇಳಿದರು: "ತಪ್ಪಾಗಿ ಮಡಿಸಿ ಗಂಟು ಮಾಡಿರೋದನ್ನ ನೋಡೋಕೆ ಇಪ್ಪತ್ತೈದು ವರ್ಷ ಬೇಕೇನಮ್ಮ? ಬಾ, ನಮ್ಮ ಸೊಸೆ ಬೀರು ಬಾಗಿಲು ತೆಗೀತೀನಿ. ಐದು ನಿಮಿಷದಲ್ಲಿ ನೋಡ್ಕೊಂಡು ಹೋಗು!"

ಅತ್ತೆಗೆ ಸಿಟ್ಟು ಬಂತೇ? ಎಲ್ಲಿ ಬಂತು! "ಒಳ್ಳೇ ಹೋಲಿಕೆ ರತ್ನಕ್ಕ" ಅಂತ ಪುಸ್ತಕ ತೆಗೆದು ಬರೆದುಕೊಂಡಳು.

ಈಕೆಯ ಸಂಶೋಧನೆ ಲ್ಯಾಬಿನೊಳಗೇ ಇದ್ದಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಅದು ನಮ್ಮ ಅಡುಗೆಮನೆಗೂ ಬಂತು. ಅಮ್ಮ ಮುದ್ದೆ ತಿರುವುತ್ತಿದ್ದರೆ ಪಾತ್ರೆಗೆ ಮುಖ ಹಾಕಿ ನಿಲ್ಲುತ್ತಿದ್ದಳು. "ಅತ್ತಿಗೆ, ಒಂದೇ ಒಂದು ಗಂಟು ಸಿಗುತ್ತಾ?"

ಅಮ್ಮನಿಗೆ ಅವಮಾನವಾಗಿ ಹೋಯಿತು. "ಈ ಮನೆಗೆ ಬಂದಾಗಿಂದ ಮುದ್ದೆ ಮಾಡ್ತಿದೀನಿ. ಒಂದು ದಿನ ಗಂಟು ಕಟ್ಟಿದ್ದು ತೋರಿಸು, ಕೋಲು ನಿನ್ನ ಕೈಗೇ ಕೊಟ್ಬಿಡ್ತೀನಿ!"

ಸರಿ, ಒಂದು ಭಾನುವಾರ ಅತ್ತೆಯೇ ಕೋಲು ಹಿಡಿದಳು. ಬೇಕೆಂದೇ ಗಂಟು ಕಟ್ಟಿಸಿದಳು. ಮೊದಲು ಒಂದು ಸಣ್ಣ ಗಂಟು ಆಗಲು ಎಷ್ಟು ಹೊತ್ತು, ಅದಾದ ಮೇಲೆ ಮಿಕ್ಕವು ಹೇಗೆ ಓಡೋಡಿ ಬಂದು ಸೇರಿಕೊಳ್ಳುತ್ತವೆ ಅಂತ ಗಡಿಯಾರ ನೋಡಿ ಗುರುತು ಹಾಕಿಕೊಂಡಳು. ಅದೆಲ್ಲ ಆಕೆಯ ಜ್ಞಾನಕ್ಕೆ. ಉಂಡಿದ್ದು ಯಾರು? ನಾವು! ಬಸ್ಸಾರು ಎಷ್ಟು ಸುರಿದುಕೊಂಡರೂ ಗಂಟಲಲ್ಲಿ ಇಳಿಯದ ಆ ಮುದ್ದೆಯನ್ನು ನೆನೆಸಿಕೊಂಡರೆ ಈಗಲೂ ನಾನು ನೀರು ಕುಡಿಯುತ್ತೇನೆ.

ನನ್ನ ಮದುವೆಯ ಕಥೆ ಇನ್ನೂ ಚೆಂದ. ಧಾರೆಯ ಹೊತ್ತಿಗೆ ಸೋದರತ್ತೆ ಎದುರಿಗಿರಬೇಕು ತಾನೇ? ಈಕೆ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟಿದ್ದಳು. ಅಪ್ಪ ಓಡಿ ಹೋಗಿ ಅಡ್ಡ ನಿಂತರು. "ಎಲ್ಲಿಗೇ ಹೊರಟೆ?"

"ಲ್ಯಾಬಿಗೆ ಅಣ್ಣ. ಮೂರು ದಿನದಿಂದ ಪ್ರೋಟೀನನ್ನ ಟ್ಯೂಬಲ್ಲಿ ಹಾಕಿ ಅಲ್ಲಾಡಿಸೋಕಿಟ್ಟಿದೀನಿ. ಇನ್ನೇನು ಗಂಟು ಕಟ್ಟೋ ಹೊತ್ತು. ಇಲ್ಲಿ ಮೂರು ಗಂಟು ಹಾಕೋದನ್ನ ನೋಡೋಕೆ ನಾನೂರು ಜನ ಇದೀರಿ. ಅಲ್ಲಿ ನನ್ನ ಬಿಟ್ರೆ ಯಾರಿದಾರೆ?"

ಅಪ್ಪ ಅವಳ ಹೆಗಲಿನ ಚೀಲ ಇಸಿದುಕೊಂಡರು. ತಾವೇ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರು. ನನ್ನ ಮದುವೆ ಫೋಟೋದಲ್ಲಿ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ.

ಅಪ್ಪ ಹೀಗೇ. ತಾವು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತರು, ತಂಗಿಯನ್ನು ಕಾಲೇಜಿಗೆ ಕಳಿಸಿದರು. ಅವಳು ಮನೆಗೆಲಸ ಕಲಿಯೋಕೆ ಬಂದಾಗೆಲ್ಲ "ಹೋಗಿ ಓದ್ಕೋ ಹೋಗು, ಇದು ನಾನು ಮಾಡ್ತೀನಿ" ಅಂತ ಸೀರೆ ಕಿತ್ತುಕೊಂಡರು. ಈಗ ಹೇಳಿ, ಅತ್ತೆಗೆ ಸೀರೆ ಮಡಿಸೋಕೆ ಬಾರದಿದ್ದುದು ಯಾರ ತಪ್ಪು?

ಎರಡು ವರ್ಷದ ಹಿಂದೆ ಅತ್ತೆಗೆ ಹೊಸ ಹುಚ್ಚು ಹಿಡಿಯಿತು. ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಕಾಫಿಪುಡಿ, ಇಂಗು, ಲವಂಗ, ನಿಂಬೆ ಸಿಪ್ಪೆ ತುಂಬಿಕೊಂಡು ಓಡಾಡುವುದು. ಸಿಕ್ಕವರನ್ನೆಲ್ಲ "ಕಣ್ಣು ಮುಚ್ಚಿ, ಮೂಸಿ, ಏನು ಹೇಳಿ" ಅನ್ನುವುದು. ಲಗ್ನಪತ್ರಿಕೆ ಕೊಡಲು ಬಂದ ದೊಡ್ಡಬೆಳವಂಗಲದ ಬೀಗರೂ ನಾಲ್ಕು ಡಬ್ಬಿ ಮೂಸಿದ ಮೇಲೇ ಕೂತಿದ್ದು!

ಅಪ್ಪನ ಸರದಿ ಬಂತು. ಕಾಫಿಪುಡಿ ಮೂಸಿದರು. "ಖಾಲಿ ಡಬ್ಬಿ."

ಇಂಗು ಮೂಸಿದರು. ಇಡೀ ನಡುಮನೆಗೆ ಹೊಡೆಯುತ್ತಿತ್ತು ಆ ಇಂಗು. "ಇದೂ ಖಾಲಿ. ಏನು ಆಟ ಆಡ್ತಿದೀಯೇನೇ?"

ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಓಹೋ! ಮೊನ್ನೆ ಹಳಸಿದ ಸಾರನ್ನ ಚೆನ್ನಾಗಿದೆ ಅಂತ ಉಂಡ್ರಲ್ಲ, ನಾನು ಪ್ರೀತಿ ಅಂದ್ಕೊಂಡಿದ್ದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅತ್ತೆ ನಗಲಿಲ್ಲ. ಡಬ್ಬಿಗಳ ಮುಚ್ಚಳ ಒಂದೊಂದಾಗಿ ಹಾಕಿದಳು. "ನೆಗಡಿ ಇರಬೇಕು ಅಣ್ಣ" ಅಂದು ಎದ್ದು ಹೋದಳು.

ಮುಂದಿನ ಭಾನುವಾರ ನಾವೆಲ್ಲ ಒಂದು ನಾಮಕರಣಕ್ಕೆ ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ನಮ್ಮಲ್ಲಿ ನೇಯ್ದ ಪ್ರತಿ ನಮೂನೆಯದೂ ಒಂದೊಂದು ಸೀರೆಯನ್ನು ಅಪ್ಪ ಕಪಾಟಿನಲ್ಲಿ ಇಟ್ಟಿದ್ದಾರೆ. ಒಳಮಡಿಕೆಯಲ್ಲಿ ಒಂದು ಚೀಟಿ. ಅದರಲ್ಲಿ ಅಪ್ಪನ ಕೈಬರಹದಲ್ಲಿ ಬಣ್ಣದ ಹೆಸರು, ತಾರೀಖು. 'ಈರುಳ್ಳಿ ಸಿಪ್ಪೆ', 'ಎಳೇ ಬದನೆ', 'ಗಿಣಿ ಹಸಿರು', ಹೀಗೆ. ಆ ಕಪಾಟನ್ನು ಅಮ್ಮ ಕೂಡ ಮುಟ್ಟುವಂತಿಲ್ಲ. ಅತ್ತೆ ಅಷ್ಟೂ ಸೀರೆ ಬಿಚ್ಚಿ ಬಣವೆ ಹಾಕಿದ್ದಳು! ಚೀಟಿಗಳನ್ನು ಮಾತ್ರ ನೆಲದ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿ, ನಡುವೆ ಕೂತಿದ್ದಳು.

ಅಪ್ಪ ಮೊದಲ ಸಲ ತಂಗಿಯ ಮೇಲೆ ಗುಡುಗಿದರು. "ಲೇ, ಏನೇ ಇದು? ಬಿಚ್ಚಿದ್ದು ಬಿಚ್ಚಿದೆ, ಮಡಿಸೋರು ಯಾರು? ನಿನಗೆ ಬರುತ್ತಾ?"

"ಬರಲ್ಲ. ನೀನೇ ಮಡಿಸು ಅಣ್ಣ. ನಾನು ನೋಡ್ತೀನಿ."

ಅಪ್ಪ ಗೊಣಗುತ್ತಲೇ ಮಡಿಸಿದರು. ಅತ್ತೆ ಸೀರೆ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಆಗ ನಾನೂ ನೋಡಿದೆ. ಎಡಗೈ ಅಂಚಿಗೆ ಬಂದು ಕಾಯುತ್ತಿತ್ತು, ಬಲಗೈ ತಡವಾಗಿ ಬರುತ್ತಿತ್ತು. "ಬಾಗಿಲ ತನಕ ಹೋಗಿ ಬಾ ಅಣ್ಣ" ಅಂದಳು. ಹೋಗಿ ಬಂದರು. ಎಡಗೈ ಬೀಸುತ್ತಿತ್ತು, ಬಲಗೈ ಪಕ್ಕಕ್ಕೆ ಅಂಟಿಕೊಂಡೇ ಇತ್ತು. ದಿನವೂ ಎದುರಿಗೇ ಓಡಾಡುವ ಮನುಷ್ಯ! ನಮ್ಮ ಕಣ್ಣು ಎಲ್ಲಿಗೆ ಹೋಗಿತ್ತು?

ಆಮೇಲೆ ಅತ್ತೆ ನನಗೆ ಚೀಟಿಗಳ ಸಾಲು ತೋರಿಸಿದಳು. ಆ ತುದಿಯಲ್ಲಿ ಹಲಸಿನ ಬೀಜದಷ್ಟು ದಪ್ಪಗಿದ್ದ ಅಪ್ಪನ ಅಕ್ಷರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂದು, ಈ ತುದಿಯಲ್ಲಿ ರಾಗಿ ಕಾಳಿನಷ್ಟಾಗಿತ್ತು.

ಬೆಂಗಳೂರಿನ ನರರೋಗದ ಡಾಕ್ಟರು ಪರೀಕ್ಷೆ ಮಾಡಿ ಪಾರ್ಕಿನ್ಸನ್ಸ್ ಅಂದರು. "ವಾಸನೆ ಹೋಗೋದು, ಅಕ್ಷರ ಚಿಕ್ಕದಾಗೋದು ಎಲ್ಲ ಇದರ ಮುಂಚಿನ ಗುರುತೇ. ಇಷ್ಟು ಬೇಗ ಬರೋರು ಕಡಿಮೆ. ಮನೇಲಿ ಯಾರು ಗಮನಿಸಿದ್ದು?" ಅಂತ ಕೇಳಿದರು.

"ನನ್ನ ತಂಗಿ ಸಾರ್" ಅಂದರು ಅಪ್ಪ. "ಬಹಳ ಬುದ್ಧಿವಂತೆ. ಸೀರೆ ಮಡಿಸೋಕೆ ಮಾತ್ರ ಬರಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಅತ್ತುಬಿಟ್ಟಳು. ಆಕೆ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಟ್ಯೂಬಲ್ಲಿ ನಾನು ದಿನಾ ನೋಡೋ ಪ್ರೋಟೀನೇ ಅಣ್ಣ ನಿನ್ನ ತಲೇಲಿ ಗಂಟಾಗಿರೋದು. ಇಷ್ಟು ವರ್ಷ ನೋಡಿದೀನಿ. ಒಂದು ಗಂಟು ಬಿಡಿಸೋಕೆ ಬರಲ್ಲ ನನಗೆ. ಮಾತ್ರೆ ತಗೊಂಡ್ರೆ ಕೈ ಸಲೀಸಾಗುತ್ತೆ, ಅಷ್ಟೇ. ನಮ್ಮ ಕೆಲಸ ಮುಗಿದು ಔಷಧ ಬರೋ ಹೊತ್ತಿಗೆ ನಿನಗೆ ಸಿಗುತ್ತೋ ಇಲ್ವೋ."

ಅಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದರು: "ನಾನು ಮಡಿಸಿದ ಸೀರೆ ಯಾರು ಉಟ್ರು ಅಂತ ಯಾವತ್ತಾದ್ರೂ ನೋಡೋಕೆ ಹೋಗಿದ್ನಾ? ಮಡಿಸ್ದೆ, ಕಳಿಸ್ದೆ. ನೀನೂ ಕಳಿಸು. ಯಾರೋ ಉಡ್ತಾರೆ ಬಿಡು."

ಹೀಗೆ ಹೇಳಿದ ಮನುಷ್ಯ ಮನೆಗೆ ಬಂದು ಮಾಡಿದ್ದೇನು? ಸೀರೆ ಮುಟ್ಟುವುದನ್ನೇ ಬಿಟ್ಟರು! "ನಡುಗೋ ಕೈಲಿ ಮಡಿಸಿದ್ದು ನಮ್ಮನೆ ಸೀರೆ ಅನ್ನಿಸ್ಕೊಬಾರದು" ಅಂದರು. ಕೈಗೆ ಕೆಲಸ ಕೊಡ್ತಿರಿ ಅಂತ ಡಾಕ್ಟರು ಹೇಳಿದ್ದರು. ನಾನು ಹೇಳಿದೆ, ಅಮ್ಮ ಬೈದಳು. ಜಗಲಿ ಮೇಲೆ ಕೂತವರು ಅಲ್ಲಾಡಲಿಲ್ಲ. ಒಳಗೆ ಮಗ್ಗ ಆಡುತ್ತಿತ್ತು, ಅಪ್ಪ ಬೀದಿ ನೋಡುತ್ತಿದ್ದರು.

ಆ ಭಾನುವಾರ ಅತ್ತೆ ಎರಡು ತೋಳಿನ ತುಂಬ ಸೀರೆ ಹೊತ್ತು ತಂದು ಅವರ ಮುಂದೆ ಸುರಿದಳು. "ಅಣ್ಣ, ಊರವರ ಮುಂದೆ ಮಾನ ಹೋಗ್ತಿದೆ. ನನಗೆ ಸೀರೆ ಮಡಿಸೋದು ಕಲಿಸು."

"ಈ ವಯಸ್ಸಲ್ಲಾ?"

"ನಿವೃತ್ತಿ ಆದ್ಮೇಲೆ ಏನು ಮಾಡ್ಲಿ ಮತ್ತೆ?"

ಅವತ್ತಿನಿಂದ ಪ್ರತಿ ಭಾನುವಾರ ಪಾಠ. ಒಂದು ತುದಿ ಅಪ್ಪ, ಇನ್ನೊಂದು ತುದಿ ಅತ್ತೆ. "ಅಂಚಿಗೆ ಅಂಚು ಕೂಡಿಸೇ! ಸೆರಗು ಮೇಲೆ ಬರಲಿ! ಇದೇನು ಸೀರೆನಾ, ಹಿತ್ತಲ ಬೇಲಿನಾ?" ಅಪ್ಪನ ಗದರಿಕೆ ಮೂರು ಮನೆಗೆ ಕೇಳುತ್ತೆ. ಅವಳು ಕೆಡಿಸಿದ್ದನ್ನೆಲ್ಲ ಬಿಚ್ಚಿ ಅವರೇ ಮತ್ತೆ ಮಡಿಸುತ್ತಾರೆ. ನಿಧಾನ, ಮೊದಲಿನ ಓಟ ಇಲ್ಲ. ಆದರೆ ಕೈ ನಿಂತಿಲ್ಲ. ಎರಡು ವರ್ಷ ಆಗುತ್ತಾ ಬಂತು, ಇಷ್ಟು ದಡ್ಡ ಶಿಷ್ಯೆ ಯಾರಿಗೂ ಸಿಗಬಾರದು ಅಂತ ಅಪ್ಪ ಎಲ್ಲರ ಹತ್ತಿರ ಸಂತೋಷವಾಗಿ ಹೇಳಿಕೊಂಡು ತಿರುಗುತ್ತಾರೆ.

ಕಳೆದ ಭಾನುವಾರ ಊಟವಾಗಿ ಅಪ್ಪ ಒಳಗೆ ಒರಗಿದ್ದರು. ನಾನು ನೀರು ಕುಡಿಯಲು ನಡುಮನೆಗೆ ಬಂದರೆ ಅತ್ತೆ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಈರುಳ್ಳಿ ಸಿಪ್ಪೆ ಬಣ್ಣದ ಸೀರೆ. ಯಾವುದೋ ಯೋಚನೆಯಲ್ಲಿ, ಕೈಯ ಕಡೆ ನೋಡದೆಯೇ, ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಒಮ್ಮೆ ಸವರಿ, ಸೆರಗು ಮೇಲೆ ತಂದು ಮಡಿಸಿ ಮುಗಿಸಿದಳು. ಒಂದು ಎಳೆ ಆಚೆ ಈಚೆ ಇಲ್ಲ. ಅಪ್ಪನ ಒಳ್ಳೆಯ ದಿನಗಳ ಮಡಿಕೆ!

ಅಷ್ಟರಲ್ಲಿ ಒಳಗಿನಿಂದ ಅಪ್ಪನ ಕೆಮ್ಮು ಕೇಳಿಸಿತು. ಅತ್ತೆ ಗಾಬರಿಯಾಗಿ ಆ ಸೀರೆಯನ್ನು ಎತ್ತಿ ಕೊಡವಿ, ಕಸಕಸ ಸುತ್ತಿ ಕುಂಬಳಕಾಯಿ ಮಾಡಿದಳು. ತಲೆ ಎತ್ತಿದರೆ ಎದುರಿಗೆ ನಾನು! ತುಟಿಯ ಮೇಲೆ ಬೆರಳಿಟ್ಟಳು.

"ಅಣ್ಣಾ, ಇನ್ನೊಂದ್ಸಲ ತೋರಿಸ್ಕೊಡು. ಬರ್ತಾನೇ ಇಲ್ಲ ಕಣೋ ನನಗೆ."

ಅಪ್ಪ ಎದ್ದು ಬಂದರು. "ಈ ಜನ್ಮಕ್ಕೆ ಕಲಿಯಲ್ಲ ನೀನು. ಕೊಡಿಲ್ಲಿ" ಅಂತ ನಡುಗುವ ಕೈ ಚಾಚಿದರು.

ನಮ್ಮೂರ ಕಡೆ ಬಂದರೆ ಮನೆಗೆ ಬನ್ನಿ. ಮುದ್ದೆ ಅಮ್ಮನೇ ಮಾಡುತ್ತಾಳೆ, ಹೆದರಬೇಡಿ. ಅಪ್ಪ ಖಂಡಿತ ತಂಗಿಯ ಮೇಲೆ ದೂರು ಹೇಳುತ್ತಾರೆ. ನೀವು ತಲೆಯಾಡಿಸಿ, ಅಷ್ಟು ಸಾಕು. ನಮ್ಮತ್ತೆಗೆ ಸೀರೆ ಮಡಿಸೋಕೆ ಬರುವುದಿಲ್ಲ.