ಬೇಸಿಗೆಯ ನೆರೆ

ಬಡದೇಶಗಳನ್ನು ನೆರೆಯಿಂದ ಕಾಪಾಡಲು ಸಾಲ ಕೊಡುವವರು ದೂರದಲ್ಲಿರುತ್ತಾರೆ, ನೆರೆ ಹತ್ತಿರದಲ್ಲಿರುತ್ತದೆ. ನಡುವೆ ಯಲಹಂಕದಲ್ಲಿ ನಮ್ಮ ಆಫೀಸಿತ್ತು. ನಾನಲ್ಲಿ ದುಭಾಷಿ. ನಗಲು ಬೇರೆಲ್ಲಿಗೂ ಹೋಗಬೇಕಾಗಿ ಬರಲಿಲ್ಲ.

೧. ಮಂಚಕ್ಕೆ ಎಷ್ಟು?

ಹುಣಸಮಾರನಹಳ್ಳಿ ಕಡೆ, ಕೆರೆ ಏರಿಯ ಕೆಳಗೊಂದು ಬೀದಿ. ಚರಂಡಿ ಕಟ್ಟಿಕೊಂಡು ಮಳೆಗಾಲದಲ್ಲಿ ಕೊಳಚೆ ಮನೆಗಳಿಗೆ ನುಗ್ಗುತ್ತಿತ್ತು. ಕೊನೇ ಮನೆಯ ಅಜ್ಜಿಗೆ ಬೇಕಿದ್ದದ್ದು ಒಂದೇ: ದೊಡ್ಡದೊಂದು ಚರಂಡಿ. ನಮ್ಮ ಕನ್ಸಲ್ಟೆಂಟ್ ಮೊದಲು ಸಮೀಕ್ಷೆ ಆಗಲಿ ಎಂದ.

"ನಿಮಗೆ ನೆರೆಯ ಭಯ ಎಷ್ಟಿದೆ? ಒಂದರಿಂದ ಐದರೊಳಗೆ ಹೇಳಿ."

"ನೀರು ಮಂಚದ ಮಟ್ಟಕ್ಕೆ ಬತ್ತದೆ ಸ್ವಾಮಿ. ಮಂಚಕ್ಕೆ ಎಷ್ಟು ನಂಬರು?"

ಆತ ಯೋಚಿಸಿ ಮೂರು ಹಾಕಿಕೊಂಡ. ಐದನ್ನು ಅಟ್ಟಕ್ಕೆ ಉಳಿಸಿಕೊಂಡನಂತೆ.

೨. ತಾಲೀಮು

ನೆರೆ ಬಂದಾಗ ಓಡುವುದು ಹೇಗೆಂದು ಜನರಿಗೆ ಕಲಿಸಬೇಕಿತ್ತು. ಬೀದಿಯ ಮೇಲ್ತುದಿಯಲ್ಲಿ ಶಾಮಿಯಾನ ಹಾಕಿಸಿ, ಅಲ್ಲಿಗೆ ಓಡಿ ಬಂದವರಿಗೆ ಬಿಸಿಬೇಳೆಬಾತು ಎಂದು ಸಾರಿದೆವು. ಬೆಳಿಗ್ಗೆಯೇ ಜೋರು ಮಳೆ. ನಮ್ಮ ಆಫೀಸಿನ ಸಾಹೇಬರು ಫೋನ್ ಮಾಡಿದರು: "ತಾಲೀಮು ಕ್ಯಾನ್ಸಲ್ ಮಾಡ್ರೀ, ಬೀದೀಲಿ ನೀರು ನಿಂತಿದೆಯಂತೆ."

ಪಾತ್ರೆ ಪಡಗ ಹೊತ್ತು ಅಜ್ಜಿ ಆಗಲೇ ಶಾಮಿಯಾನದಡಿ ನಿಂತಿದ್ದರು.

"ಓಡಿ ಬಂದ್ವಲ್ಲ ಸ್ವಾಮಿ, ಬಿಸಿಬೇಳೆಬಾತು ಎಲ್ಲಿ?"

೩. ಅಭ್ಯಾಗತರು

ಸಾಲ ಮಂಜೂರು ಮಾಡುವ ಮೊದಲು ವಿದೇಶಿ ತಂಡ ನೆರೆ ಪ್ರದೇಶ ನೋಡಲು ಬಂತು. ಬಂದದ್ದು ಏಪ್ರಿಲಿನಲ್ಲಿ.

"ಒಣ ಬೀದಿ ತೋರಿಸಿದ್ರೆ ಯಾರು ಸಾಲ ಕೊಡ್ತಾರ್ರೀ?" ಎಂದ ಸಾಹೇಬರು ಟ್ಯಾಂಕರ್ ತರಿಸಿ ಬೀದಿಗೆ ನೀರು ಬಿಡಿಸಿದರು.

ನಲ್ಲಿಯಲ್ಲಿ ನೀರು ಕಂಡು ವಾರ ಕಳೆದಿದ್ದ ಬೀದಿ ಅದು. ತಂಡ ಕಾರಿನಿಂದ ಇಳಿಯುವಷ್ಟರಲ್ಲಿ ಕೊಡ, ಬಕೆಟ್, ಇಡ್ಲಿ ಪಾತ್ರೆ ಹಿಡಿದು ಜನ ನುಗ್ಗಿದರು. ಕೆಲವರು ಪೈಪಿನ ಬಾಯಿಗೇ ಕೊಡ ಇಟ್ಟರು. ಉಳಿದವರು ನೆಲದ ನೀರು ಬಳಿದರು. ನೋಡನೋಡುತ್ತಿದ್ದಂತೆ ನೆರೆ ಖಾಲಿ.

"ಟ್ಯಾಂಕರ್ ಯಾಕೆ?" ಎಂದು ತಂಡದ ಮುಖ್ಯಸ್ಥೆ ಕೇಳಿದರು.

"ನೆರೆ ನೀರು ಹೀರಿಕೊಂಡು ಹೋಗೋಕೆ ಬಂದಿದೆ ಮೇಡಂ" ಎಂದರು ಸಾಹೇಬರು. ನಾನು ಹಾಗೆಯೇ ಅನುವಾದಿಸಿದೆ. ಆಕೆ ಜನರತ್ತ ತಿರುಗಿ ಚಪ್ಪಾಳೆ ತಟ್ಟಿದರು.

ಆಮೇಲೆ ವರದಿ ಬಂತು: ಇಲ್ಲಿನ ಜನ ನೆರೆಯನ್ನು ತಾವೇ ನಿಭಾಯಿಸಬಲ್ಲರು, ಚರಂಡಿ ಅನಗತ್ಯ, ತರಬೇತಿ ಸಾಕು.

ಅಜ್ಜಿಗೆ ಹೇಳಲು ನನ್ನನ್ನೇ ಕಳಿಸಿದರು.

"ಅಂಗಾರೆ ಚರಂಡಿ ಇಲ್ವಾ?"

"ಇಲ್ಲಮ್ಮ. ನೆರೆ ಬಂದ್ರೆ ಏನ್ಮಾಡ್ಬೇಕು ಅಂತ ಹೇಳ್ಕೊಡ್ತಾರಂತೆ."

"ಯಾವ ನೆರೆಗೆ? ಮಳೇದಕ್ಕೋ, ನೀವು ತಂದಿದ್ರಲ್ಲ, ಅದಕ್ಕೋ?"

ನಾನು ವರದಿ ತೆರೆದು ಹುಡುಕತೊಡಗಿದೆ.

"ನೀವು ತಂದಿದ್ದಕ್ಕಾದ್ರೆ ತರಬೇತಿ ಬ್ಯಾಡ ಸ್ವಾಮಿ. ವಾರಕ್ಕೊಂದ್ಸಲ ಕಳ್ಸಿ ಸಾಕು."