ದೆಬೀನಾ ವೈನೂ ನನ್ನ ತುಟಿಯೂ

ಮನುಷ್ಯ ಊರು ಬಿಡಬಹುದು, ದೇಶ ಬಿಡಬಹುದು, ಚಿಕ್ಕಂದಿನಲ್ಲಿ ಅಮ್ಮ ಗದರಿ ಕಲಿಸಿದ ಅಭ್ಯಾಸ ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನನ್ನದು ಎತ್ತಿ ಕುಡಿಯುವ ಅಭ್ಯಾಸ. ಲೋಟ ತುಟಿಗೆ ತಾಗಿದರೆ ಎಂಜಲು. ನೀರು, ಮಜ್ಜಿಗೆ, ಹಬೆಯಾಡುವ ಕಾಫಿ, ಎಲ್ಲವೂ ಗೇಣು ಮೇಲಿಂದಲೇ ನನ್ನ ಬಾಯಿಗೆ ಇಳಿಯಬೇಕು. ನಾವಿರುವ ಹ್ಯಾರಿಸನ್ನಿಂದ ನ್ಯೂಯಾರ್ಕಿಗೆ ಹೋಗುವ ರೈಲಿನಲ್ಲಿ ಹೀಗೆ ನೀರು ಕುಡಿಯಲು ಹೋಗಿ ಪಕ್ಕದವರ ಲ್ಯಾಪ್‌ಟಾಪಿಗೆ ಅಭಿಷೇಕ ಮಾಡಿದ್ದೇನೆ. ಆದರೂ ಬುದ್ಧಿ ಬಂದಿಲ್ಲ.

ಇಂಥ ನನ್ನನ್ನು ಪಕ್ಕದ ಮನೆಯ ಕೋಸ್ತಾಸ್ ಅಂಕಲ್ ವೈನ್ ಕುಡಿಯಲು ಕರೆದರು. ಅವರು ಗ್ರೀಸಿನ ಬೆಟ್ಟದ ಸೀಮೆಯವರು. ಅಲ್ಲಿ ದೆಬೀನಾ ಅಂತ ಒಂದು ಬಿಳಿ ದ್ರಾಕ್ಷಿ ಇದೆಯಂತೆ. ನಮ್ಮ ನಂಜನಗೂಡಿನ ರಸಬಾಳೆಯ ಹಾಗೆ, ಆ ಮಣ್ಣು ಬಿಟ್ಟರೆ ಆ ರುಚಿ ಇಲ್ಲ. ತೋಟ ನೋಡಿಕೊಳ್ಳುತ್ತಿದ್ದ ಅವರ ಅಣ್ಣ ಹೋದ ವರ್ಷ ತೀರಿಕೊಂಡರು. ಆ ಅಣ್ಣ ತಮ್ಮ ಕೈಯಾರೆ ಮಾಡಿದ ವೈನಿನಲ್ಲಿ ಉಳಿದಿದ್ದು ಒಂದೇ ಬಾಟಲಿ. "ಭಾನುವಾರ ಅದನ್ನು ತೆಗೀತೀನಿ. ನೀನು ಬಾ. ಕುಡಿದು ನಿಜ ಹೇಳು, ಹೇಗಿದೆ ಅಂತ," ಎಂದರು. ನನಗೆ ಸೊಂಟ ಹಿಡಿದಿದ್ದಾಗ ಚಳಿಗಾಲವಿಡೀ ನನ್ನ ಕಾರಿನ ಮೇಲಿನ ಸ್ನೋ ತೆಗೆದ ಮಹಾನುಭಾವರು. ಇಲ್ಲ ಅನ್ನುವುದು ಹೇಗೆ? ವೈನಿನ ಬಗ್ಗೆ ನನಗೆ ತಕರಾರಿಲ್ಲ, ತಕರಾರೆಲ್ಲ ತುಟಿಯದು.

ಈ ಸಲ ತಾಗಿಸಿಯೇ ಕುಡಿಯುತ್ತೇನೆ ಎಂದು ಹಠ ತೊಟ್ಟೆ. ಒಂದು ವೈನ್ ಗ್ಲಾಸು ತಂದು, ನೀರು ತುಂಬಿ, ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ರೀ, ನೀವು ವೈನ್ ಕುಡಿಯೋಕೆ ಹೋಗ್ತಿದೀರೋ, ಪರೀಕ್ಷೆ ಬರೆಯೋಕೋ?" ಎಂದಳು ಹೆಂಡತಿ ಸುಮಾ. ಆಡಿಕೊಳ್ಳಲಿ ಬಿಡಿ. ಆರನೆಯ ದಿನ ಮೈ ಜುಮ್ಮೆನ್ನದೆ ಅರ್ಧ ಗ್ಲಾಸು ಗುಟುಕರಿಸಿದೆ.

ಭಾನುವಾರ ಮಧ್ಯಾಹ್ನ ಅಂಕಲ್ ಕಾರ್ಕ್ ತೆಗೆದರು. ಅವರು, ಅವರ ಮಗಳು, ಅಳಿಯ, ನಾವಿಬ್ಬರು. ಐದು ಗ್ಲಾಸಿಗೆ ಬಾಟಲಿ ಖಾಲಿ. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅಂಕಲ್ "ಅಣ್ಣನಿಗೆ!" ಎಂದು ಗ್ಲಾಸು ಎತ್ತಿದರು. ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಅಲ್ಲೇ ಕೆಟ್ಟಿತು ನೋಡಿ! ಮೇಲೆ ಹೋದ ಕೈಗೆ ಐವತ್ತು ವರ್ಷದಿಂದ ಗೊತ್ತಿರುವುದು ಒಂದೇ ಕೆಲಸ. ತಲೆ ಹಿಂದಕ್ಕೆ ವಾಲಿತು, ಗ್ಲಾಸು ಬಗ್ಗಿತು. ಸಣ್ಣಗೆ ನೊರೆಯುಕ್ಕುವ ಆ ವೈನು ಅರ್ಧ ಮೂಗಿಗೆ, ಅರ್ಧ ಅಂಗಿಗೆ.

ಕೆಮ್ಮು ನಿಂತ ಮೇಲೆ ಮೈ ನೋಡಿಕೊಂಡೆ. ಸತ್ತ ಅಣ್ಣನ ಕೊನೆಯ ಬಾಟಲಿ ನನ್ನ ಅಂಗಿಯಿಂದ ತೊಟ್ಟಿಕ್ಕುತ್ತಿತ್ತು. ನನಗೆ ಅಳುವೇ ಬಂತು. ಸುಮಾ ತನ್ನ ಗ್ಲಾಸನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. "ಬೇಡ, ಅದಕ್ಕೆ ನೀನು ಬಾಯಿ ಇಟ್ಟಿದೀಯ," ಎಂದೆ. ಆಗ ಕೋಸ್ತಾಸ್ ಅಂಕಲ್ ಅರ್ಧ ಕುಡಿದಿದ್ದ ತಮ್ಮ ಗ್ಲಾಸನ್ನೇ ನನ್ನ ಕೈಗಿಟ್ಟು, "ರುಚಿ ಹೇಳದೆ ಹೋಗಬೇಡ," ಎಂದರು.

ಅಂಚಿನ ಮೇಲೆ ಅವರ ತುಟಿಯ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಅಮ್ಮಾ, ಕ್ಷಮಿಸು ಎಂದುಕೊಂಡು ಕಣ್ಣು ಮುಚ್ಚಿದೆ. ತುಟಿ ತಾಗಿಸಿ ಕುಡಿದೆ. ಎಳೆ ಸೇಬು, ಗಜನಿಂಬೆ, ನಾಲಿಗೆಯ ತುದಿಯಲ್ಲಿ ಚುರ್ ಎನ್ನುವ ಗುಳ್ಳೆ.

"ಚೆನ್ನಾಗಿದೆ ಅಂಕಲ್. ಸ್ವಲ್ಪ ಹುಳಿ."

"ಹುಳಿಯೇ! ನಮ್ಮಣ್ಣನೂ ಹಾಗೇ ಇದ್ದ," ಎಂದು ನಗುತ್ತಾ ಕಣ್ಣು ಒರೆಸಿಕೊಂಡರು.

ಗೆದ್ದೆ ಎಂದು ಬೀಗುತ್ತಾ ಮನೆಗೆ ಬಂದೆ. ಮರುದಿನ ಬೆಳಗ್ಗೆ ಕಾಫಿ ಹೊತ್ತಿಗೆ ಸುಮಾ ಕೇಳಿದಳು. "ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನ ಲೋಟದಲ್ಲಿ ಒಂದು ಗುಟುಕು ಕುಡಿದವರಲ್ಲ. ನಿನ್ನೆ ನಾನು ಕೊಟ್ಟರೆ ಬೇಡ, ಅವರು ಕೊಟ್ಟರೆ ಅಮೃತ. ಅಲ್ವಾ?"

ಹೌದಲ್ಲ! ಒಳಗೆಲ್ಲೋ ಚುಚ್ಚಿತು. ಆದದ್ದಾಗಲಿ, ಇವತ್ತೇ ಸರಿಮಾಡುತ್ತೇನೆಂದು ಅವಳು ಅರ್ಧ ಕುಡಿದಿದ್ದ ಲೋಟಕ್ಕೆ ಕೈ ಚಾಚಿದೆ. ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಲೋಟ ಕೊಟ್ಟಳು.

"ಎತ್ತಿ ಕುಡೀರಿ," ಎಂದಳು. "ಉಳಿದಿದ್ದು ನಾನು ಕುಡೀಬೇಕು. ನಿಮ್ಮ ಎಂಜಲು ನನಗೆ ಬೇಡ."