ಕಿವಿಗೆ ಹತ್ತಿ ಇಟ್ಟುಕೊಂಡು ಗೆಲ್ಲಿಸಿದ ಪಂದ್ಯ

ನಾನು ಲೆಕ್ಕವಿಟ್ಟು ಬದುಕುವ ಮನುಷ್ಯ. ಹಲ್ಲುಜ್ಜುವ ಬ್ರಷ್ಷನ್ನು ಯಾವ ದಿನ ಬದಲಾಯಿಸಿದೆ, ಪಕ್ಕದ ಮನೆಯ ನಾಯಿ ವಾರಕ್ಕೆ ಎಷ್ಟು ಸಲ ನನ್ನನ್ನು ನೋಡಿ ಬೊಗಳಿತು, ಎಲ್ಲವೂ ನನ್ನ ಡೈರಿಯಲ್ಲಿದೆ. (ವಾರಕ್ಕೆ ಒಂಬತ್ತು ಸಲ. ನನ್ನ ಹೆಂಡತಿಯನ್ನು ನೋಡಿ ಬೊಗಳಿದ್ದು ಸೊನ್ನೆ.) ಆದ್ದರಿಂದ ನಮ್ಮ ಪೆಲಿಕನ್ ತಂಡ ಯಾಕೆ ಸೋಲುತ್ತಿದೆ ಎಂಬುದನ್ನು ಇಡೀ ಆಸ್ಟ್ರೇಲಿಯಾದಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ತಂಡದ ಕೋಚ್‌ಗೆ ತಿಳಿದಿರಲಿಲ್ಲ. ಟಿವಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುವ ಪಂಡಿತರಿಗೂ ತಿಳಿದಿರಲಿಲ್ಲ. ನನಗೆ ತಿಳಿಯಿತು!

ಪೆಲಿಕನ್ ಎಂದರೆ ಪರ್ತ್‌ನಲ್ಲಿರುವ ನಮ್ಮ ಫುಟ್‌ಬಾಲ್ ತಂಡ. ಇಲ್ಲಿನ ಫುಟ್‌ಬಾಲ್ ನಾನು ಮೈಸೂರಿನಲ್ಲಿ ಆಡಿ ಮೊಣಕಾಲು ತರಚಿಕೊಂಡ ಆಟವಲ್ಲ. ಚೆಂಡು ಮಾವಿನಕಾಯಿಯ ಹಾಗಿರುತ್ತದೆ. ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಬಹುದು, ಬೇಕಾದರೆ ಎದುರಾಳಿಯ ಬೆನ್ನ ಮೇಲೆ ಹತ್ತಿಯೂ ಹಿಡಿಯಬಹುದು. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಒಂದು ಅಂಕ. ಅಂದರೆ ತಪ್ಪಿದವನಿಗೂ ಒಂದು! ಇಷ್ಟು ಕರುಣೆಯುಳ್ಳ ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಊರಿಗೆ ಬಂದ ವರ್ಷವೇ ಮನಸ್ಸು ಕೊಟ್ಟುಬಿಟ್ಟೆ. ನಮ್ಮ ಪೆಲಿಕನ್ ಹುಡುಗರು ಆ ಕರುಣೆಯನ್ನು ನಂಬಿಕೊಂಡೇ ಆಡುವವರು. ಅವರು ತಪ್ಪುವ ಸೊಗಸನ್ನು ನೋಡಬೇಕು. ಬೇರೆ ತಂಡದವರು ಗೆಲ್ಲುವಾಗಲೂ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ನಮ್ಮ ಪಂದ್ಯಗಳು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಬರುತ್ತವೆ. ಅದೇ ಹೊತ್ತಿಗೆ ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಆದರೆ ಪಂದ್ಯವನ್ನು ಬಿಟ್ಟವನಲ್ಲ. ಫೋನನ್ನು ಆರಿಸಿ ಬ್ಯಾಗಿನ ತಳದಲ್ಲಿ ಹಾಕಿ, ತರಗತಿ ಮುಗಿದ ಮೇಲೆ ಯಾರ ಮುಖವನ್ನೂ ನೋಡದೆ ಮನೆಗೆ ಬಂದು, ಟಿವಿಯಲ್ಲಿ ಮೊದಲಿನಿಂದ ಹಾಕಿಕೊಂಡು ನೋಡುವುದು ನನ್ನ ಕ್ರಮ. ತರಗತಿಯಲ್ಲೇ ಮಕ್ಕಳು ಕೆಣಕುತ್ತಾರೆ.

"ಅಂಕಲ್, ಡು ಯೂ ವಾಂಟ್ ದ ಸ್ಕೋರ್?"

"ಕನ್ನಡದಲ್ಲಿ ಹೇಳು, ಕೇಳ್ತೀನಿ" ಎನ್ನುತ್ತೇನೆ.

ಅಲ್ಲಿಗೆ ನಾನು ಸುರಕ್ಷಿತ.

ಈ ವರ್ಷ ಹದಿಮೂರು ಪಂದ್ಯಗಳಾಗುವ ಹೊತ್ತಿಗೆ ನಮ್ಮವರು ಹತ್ತು ಸೋತು ಮೂರು ಗೆದ್ದಿದ್ದರು. ಬೇರೆಯವರಾಗಿದ್ದರೆ ತಂಡವನ್ನು ಬೈಯುತ್ತಿದ್ದರು. ನಾನು ಡೈರಿ ತೆಗೆದೆ. ಹತ್ತು ಸೋಲಿನ ದಿನವೂ ನಾನು ಸೋಫಾದಲ್ಲಿ ಕೂತು ಕೊನೆಯವರೆಗೆ ನೋಡಿದ್ದೇನೆ. ಗೆದ್ದ ಮೂರು ದಿನವೂ ನೋಡಿಲ್ಲ! ಮೊದಲ ಗೆಲುವಿನ ದಿನ ನನ್ನ ಹೆಂಡತಿ ಮೇಘಾ ಅಕ್ಕಿ ತರಲು ಪಕ್ಕದ ಬಡಾವಣೆ ಕ್ಯಾನಿಂಗ್ಟನ್‌ಗೆ ಕಳಿಸಿದ್ದಳು. ಎರಡನೆಯ ದಿನ ತೆಂಗಿನಕಾಯಿ, ಮತ್ತೆ ಕ್ಯಾನಿಂಗ್ಟನ್. ಎರಡು ಸಲವೂ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನವರ ಮಾತಿನಿಂದ ಗೆಲುವಿನ ಸುದ್ದಿ ತಿಳಿಯಿತು. ಮೂರನೆಯದು ಬ್ರಿಸ್ಬೇನ್‌ನಲ್ಲಿ. ಆಫೀಸಿನ ಕೆಲಸಕ್ಕೆ ಹೋಗಿದ್ದೆ, ಪಂದ್ಯವೂ ಆ ಊರಿನಲ್ಲೇ ಇತ್ತು. ಕೆಲಸ ಮುಗಿಸಿ ಹೋಟೆಲಿಗೆ ಬಂದು ಇನ್ನೇನು ಮೊದಲಿನಿಂದ ಹಾಕಿಕೊಳ್ಳಬೇಕು, ಮೇಘಾಳ ಫೋನ್ ಬಂತು.

"ರೀ, ಅಲ್ಲಿ ಒಳ್ಳೇ ಹುರಿಗಡಲೆ ಸಿಗತ್ತಂತೆ. ಈಗಲೇ ಹೋಗಿ ಎರಡು ಪ್ಯಾಕೆಟ್ ತಗೊಂಡ್ಬನ್ನಿ."

ಹೋದೆ. ಗೆದ್ದರು!

ಇದು ಕಾಕತಾಳೀಯವೇ? ಮೂರು ಪಂದ್ಯ, ಎರಡು ಊರು, ಅಕ್ಕಿ, ತೆಂಗಿನಕಾಯಿ, ಹುರಿಗಡಲೆ! ಪ್ರಸನ್ನನೆಂಬ ನಾನು ನೋಡಿದರೆ ಸೋಲು, ನೋಡದಿದ್ದರೆ ಗೆಲುವು. ನಾನು ಒಂದು ಸುಂದರವಾದ ಪಟ್ಟಿ ತಯಾರಿಸಿ, ಸೋಲಿಗೆ ಕೆಂಪು, ಗೆಲುವಿಗೆ ಹಸಿರು ಬಣ್ಣ ಬಳಿದು, ಕುಟುಂಬದ ವಾಟ್ಸಪ್ ಗುಂಪಿಗೆ ಹಾಕಿದೆ. ಮೇಘಾ ಅದನ್ನು ಬಹಳ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದಳು. ನನ್ನ ಸಂಶೋಧನೆಗೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಗುಂಪಿಗೆ ಹಾಕಿದ್ದೇ ನನ್ನ ಮೊದಲ ತಪ್ಪು. ಯಾಕೆಂದರೆ ಆ ಗುಂಪಿನಲ್ಲಿ ಗಿರೀಶ ಭಾವನೂ ಇದ್ದಾರೆ.

ಗಿರೀಶ ಭಾವ ಎಂದರೆ ನನ್ನ ಸುಧಕ್ಕನ ಗಂಡ. ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ಮನೆ. ಬೇರೆಲ್ಲ ವಿಷಯದಲ್ಲೂ ಸಜ್ಜನರು, ಆದರೆ ಅಡಿಲೇಡ್ ತಂಡದ ಅಭಿಮಾನಿ. ಅವರ ಮಗ ಚಿಂಟುವಿಗೆ ಹನ್ನೊಂದು ತಿಂಗಳು. ಈ ದೇಶದಲ್ಲಿ ಮಗುವಿನ ತಂಡವೆಂದರೆ ಗೋತ್ರದ ಹಾಗೆ. ಚಿಕ್ಕಂದಿನಲ್ಲೇ ತೀರ್ಮಾನವಾಗಬೇಕು, ಒಮ್ಮೆ ಆದ ಮೇಲೆ ಬದಲಾಯಿಸುವ ಹಾಗಿಲ್ಲ. ಮಗು ಹುಟ್ಟಿದ ವಾರವೇ ನಾನು ಪೆಲಿಕನ್ ತಂಡದ ಹಸಿರು-ಬಿಳಿ ಪುಟ್ಟ ಜೆರ್ಸಿ ಕಳಿಸಿದ್ದೆ. ಭಾವ ಅದನ್ನು ಬೀರುವಿನ ಮೇಲಿನ ಅರೆಯಲ್ಲಿಟ್ಟು, ತಮ್ಮ ತಂಡದ್ದನ್ನು ತಂದಿದ್ದರು. ಹನ್ನೊಂದು ತಿಂಗಳು ಫೋನಿನಲ್ಲಿ ವಾದ ನಡೆಯಿತು. ಕೊನೆಗೆ ಸುಧಕ್ಕ ತೀರ್ಪು ಕೊಟ್ಟಳು.

"ಕಿವಿ ಚುಚ್ಚೋ ಭಾನುವಾರ ನಿಮ್ಮಿಬ್ಬರ ಟೀಮಿಗೂ ಇಲ್ಲೇ ಮ್ಯಾಚ್ ಇದೆ. ಯಾರು ಗೆಲ್ತಾರೋ ಅವರ ಅಂಗಿ ಹಾಕ್ತೀನಿ. ಆಮೇಲೆ ಈ ವಿಷಯ ಎತ್ತಿದೋರಿಗೆ ಈ ಮನೇಲಿ ಊಟ ಇಲ್ಲ!"

ಹೀಗೆ ಒಂದು ಮಗುವಿನ ಇಡೀ ಭವಿಷ್ಯ ನನ್ನ ಹೆಗಲ ಮೇಲೆ ಬಿತ್ತು. ಕಿವಿ ಚುಚ್ಚುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಆದ್ದರಿಂದ ಮೇಘಾಳೊಂದಿಗೆ ಅಡಿಲೇಡ್‌ಗೆ ಹೋಗಲೇಬೇಕು. ಪಂದ್ಯ ನೋಡಲೇಬಾರದು. ನನ್ನ ಯೋಜನೆ ಸರಳವಾಗಿತ್ತು. ಶಾಸ್ತ್ರ ಮುಗಿಸುವುದು, ಊಟ ಮಾಡುವುದು, ಹಿಂದಿನ ಕೋಣೆಯಲ್ಲಿ ಮುಸುಕು ಹಾಕಿಕೊಂಡು ಮಲಗುವುದು.

ಭಾನುವಾರ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಚಿಂಟುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಪರಿಚಯದ ವಿಮಲಾ ಆಂಟಿ ಕಿವಿ ಚುಚ್ಚಿದರು. ಅವರು ನರ್ಸ್ ಆದ್ದರಿಂದ ಸೂಜಿ, ಔಷಧಿ, ಹತ್ತಿ ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ಚಿಂಟು ಒಂದೇ ಸಲ ಅತ್ತು ಸುಮ್ಮನಾದ. ಪೆಲಿಕನ್ ಅಭಿಮಾನಿಗೆ ಬೇಕಾದ ಸಹನೆ ಅವನಲ್ಲಿದೆ ಎಂದು ಆಗಲೇ ಗುರುತಿಸಿದೆ.

ಪಾಯಸದ ಹೊತ್ತಿಗೆ ಭಾವ ಬಂದು ನನ್ನ ಎಲೆಯ ಪಕ್ಕದಲ್ಲಿ ಏನನ್ನೋ ಇಟ್ಟರು. ಎರಡು ಟಿಕೆಟ್!

"ಏಳಪ್ಪ ಪ್ರಸನ್ನ, ಹೊರಡೋಣ. ಸ್ಟೇಡಿಯಂನಲ್ಲಿ ಒಳ್ಳೇ ಸೀಟು."

"ಭಾವ, ನಾನು ಬರಲ್ಲ."

"ಸೋದರಮಾವಂಗೆ ಉಡುಗೊರೆ ಕಣಯ್ಯ. ಬೇಡ ಅನ್ನಬಾರದು."

"ನನ್ನ ಪಟ್ಟಿ ನೋಡಿದ್ದೀರಿ ತಾನೆ?"

"ನೋಡಿದ ದಿನವೇ ಟಿಕೆಟ್ ತಗೊಂಡೆ!" ಎಂದರು ಭಾವ, ಸ್ವಲ್ಪವೂ ನಾಚಿಕೆಯಿಲ್ಲದೆ.

ನನ್ನ ಲೆಕ್ಕವನ್ನು ಈ ಪ್ರಪಂಚದಲ್ಲಿ ಪೂರ್ತಿಯಾಗಿ ನಂಬಿದವರು ಅವರೊಬ್ಬರೇ. ಅದಕ್ಕೆ ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬಟ್ಟೆ ಬದಲಾಯಿಸಲೂ ಬಿಡದೆ ಕಾರಿಗೆ ಎಳೆದರು. ನಾನು ಪಂಚೆಯ ಮೇಲೆ ಪೆಲಿಕನ್ ಜೆರ್ಸಿ ತೊಟ್ಟು, ಹೋಗುವಾಗ ವಿಮಲಾ ಆಂಟಿಯ ತಟ್ಟೆಯಲ್ಲಿ ಉಳಿದಿದ್ದ ಹತ್ತಿಯನ್ನು ಮುಷ್ಟಿಯಲ್ಲಿ ಬಾಚಿಕೊಂಡೆ.

ಸ್ಟೇಡಿಯಂನಲ್ಲಿ ಮೊದಲ ಸೈರನ್ ಮೊಳಗುವ ಮುಂಚೆಯೇ "ಟಾಯ್ಲೆಟ್‌ಗೆ ಹೋಗಿಬರ್ತೀನಿ" ಎಂದು ಎದ್ದೆ. ಭಾವನ ಕಣ್ಣು ಆಗಲೇ ಮೈದಾನದಲ್ಲಿ ನೆಟ್ಟಿತ್ತು. ಆಸನಗಳ ಹಿಂದೆ, ತಿಂಡಿ ಅಂಗಡಿಗಳ ಸಾಲಿನ ಕೊನೆಯಲ್ಲಿ ಒಂದು ಕಾಂಕ್ರೀಟ್ ಗೋಡೆ ಸಿಕ್ಕಿತು. ಕಿವಿಗೆ ಹತ್ತಿ ತುರುಕಿ, ಮೈದಾನಕ್ಕೆ ಬೆನ್ನು ಹಾಕಿ, ಗೋಡೆಯನ್ನು ನೋಡುತ್ತಾ ನಿಂತೆ. ರೇಷ್ಮೆ ಪಂಚೆ ಉಟ್ಟು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ನಿಂತವನನ್ನು ಜನ ಎಷ್ಟು ಹೊತ್ತು ಸುಮ್ಮನೆ ಬಿಟ್ಟಾರು? ಹತ್ತು ನಿಮಿಷದಲ್ಲಿ ಕಾವಲಿನವನು ಬಂದ.

"ಯೂ ರೈಟ್, ಮೇಟ್?"

ಕಿವಿ ನೋವೇ, ತಲೆ ಸುತ್ತೇ, ಹುಡುಗಿ ಬಿಟ್ಟುಹೋದಳೇ ಎಂದು ವಿಚಾರಿಸಿದ. ನಾನು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಹದಿಮೂರು ಪಂದ್ಯ, ಹತ್ತು ಸೋಲು, ಅಕ್ಕಿ, ಹುರಿಗಡಲೆ. ಅವನು ವೈದ್ಯಕೀಯ ತಂಡವನ್ನು ಕರೆಯಲು ವಾಕಿಟಾಕಿಗೆ ಕೈಹಾಕಿದ!

ಆಗ ಪಕ್ಕದ ಸಾಲಿನಲ್ಲಿ ಬಿಸಿ ಚಿಪ್ಸ್‌ಗೆ ನಿಂತಿದ್ದ ಒಬ್ಬ ಅಜ್ಜಿ ಮುಂದೆ ಬಂದರು. ಹೆಸರು ಮಾರ್ಜರಿ. ಪರ್ತ್‌ನಿಂದ ತಂಡದ ಬೆನ್ನು ಹತ್ತಿ ಬಂದಿದ್ದವರು. ಕುತ್ತಿಗೆಗೆ ಹಸಿರು-ಬಿಳಿ ಮಫ್ಲರ್.

"ಅವನನ್ನ ಮುಟ್ಟಬೇಡ" ಎಂದು ಕಾವಲಿನವನಿಗೆ ಗದರಿ, ನನ್ನ ಕಡೆ ತಿರುಗಿದರು. "ನೋಡದೇ ಇದ್ರೆ ಗೆಲ್ತೀವಾ, ಮಗು?"

"ಮೂರಕ್ಕೆ ಮೂರು, ಮೇಡಂ."

"ಈ ಮಫ್ಲರ್ ಒಗೆದು ಎರಡು ವರ್ಷ ಆಯ್ತು. ಒಗೆದ್ರೆ ಸೋಲ್ತೀವಿ" ಎಂದು ಅಜ್ಜಿ ಅದನ್ನು ನನ್ನ ಮೂಗಿನ ಹತ್ತಿರ ತಂದರು. ಎರಡು ವರ್ಷ ಎಂಬುದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ನನ್ನ ಕಣ್ಣು ತುಂಬಿತು. ಅರ್ಧ ಮಫ್ಲರ್‌ನಿಂದ, ಅರ್ಧ ಹೆಮ್ಮೆಯಿಂದ. ಸಾವಿರಾರು ಮೈಲಿ ದೂರದಲ್ಲಿ ಹುಟ್ಟಿದ ನಾನು, ಈ ಅಜ್ಜಿ, ಒಂದೇ ಗೋತ್ರ!

ಮುಂದೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಅಜ್ಜಿ ಇನ್ನೂ ನಾಲ್ಕು ಪೆಲಿಕನ್ ಅಭಿಮಾನಿಗಳನ್ನು ಕರೆತಂದು ನನ್ನ ಸುತ್ತ ಕಾವಲಿಗೆ ನಿಲ್ಲಿಸಿದರು. ಗೋಡೆಯ ಹತ್ತಿರವೇ ಚಿಪ್ಸ್ ಬಂತು. ನೀರು ಬಂತು. ಅದೇ ಮುಂದಿನ ತೊಂದರೆಗೆ ಮೂಲವಾಯಿತು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ನಿಜವಾಗಿಯೂ ಟಾಯ್ಲೆಟ್‌ಗೆ ಹೋಗಬೇಕಾಯಿತು.

"ಆಗಲ್ಲ!" ಎಂದರು ಅಜ್ಜಿ. "ದಾರೀಲಿ ಮೈದಾನ ಕಾಣತ್ತೆ. ನಾವು ಮುಂದಿದ್ದೀವಿ, ತಡ್ಕೋ!"

ತಡೆದುಕೊಳ್ಳುವುದಕ್ಕೂ ಒಂದು ಮಿತಿ ಇದೆ. ಕೊನೆಗೆ ಆ ಮಫ್ಲರನ್ನು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದರು. ಮೂಗೂ ಸೇರಿತು. ಇಬ್ಬರು ಕೈಹಿಡಿದರು, ಒಬ್ಬ ದಾರಿ ಬಿಡಿಸಿದ, ಇನ್ನೊಬ್ಬ ಎಡವದಂತೆ ನನ್ನ ಪಂಚೆಯ ಅಂಚನ್ನು ಎತ್ತಿ ಹಿಡಿದ. ನನ್ನ ಮದುವೆಯ ದಿನ ಮಂಟಪಕ್ಕೆ ಕರೆದೊಯ್ದಾಗಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ದಾರಿಯ ನಡುವೆ ಇದ್ದಕ್ಕಿದ್ದಂತೆ ಇಡೀ ಸ್ಟೇಡಿಯಂ ಗೊಳ್ಳೆಂದು ನಕ್ಕಿತು. ಹತ್ತಿಯನ್ನೂ ದಾಟಿ ಕೇಳಿಸಿತು. ಯಾಕೆಂದು ಆಗ ತಿಳಿಯಲಿಲ್ಲ.

ಗೋಡೆಗೆ ಮರಳಿದ ಮೇಲೆ ಅಡಿಲೇಡ್‌ನವರು ಒಂದೊಂದಾಗಿ ಅಂಕ ಗಳಿಸಿ ಸರಿಸಮ ಬಂದರಂತೆ. ಕೊನೆಯ ಸೈರನ್ ಮೊಳಗುವಾಗ ಚೆಂಡು ನಮ್ಮ ಹುಡುಗನ ಕೈಯಲ್ಲಿತ್ತಂತೆ. ಹೊತ್ತು ಮುಗಿದರೂ ಚೆಂಡು ಹಿಡಿದವನಿಗೆ ಒಂದೇ ಒಂದು ಒದೆತ ಬಾಕಿ. ಅವನು ಒದ್ದ. ಗುರಿ ತಪ್ಪಿತು! ಪಕ್ಕದ ಕಂಬದ ಸಂದಿಯಲ್ಲಿ ಹೋಯಿತು. ಒಂದು ಅಂಕ. ಪೆಲಿಕನ್ ಒಂದು ಅಂಕದಿಂದ ಗೆದ್ದಿತು! ಬೇರೆ ಯಾವ ತಂಡ ತಪ್ಪಿ ಗೆಲ್ಲುತ್ತದೆ ಹೇಳಿ? ನಾನು ಈ ವರ್ಣನೆಯನ್ನು ಗೋಡೆಯ ಕಡೆ ಮುಖ ಮಾಡಿಕೊಂಡೇ, ಅಜ್ಜಿಯ ಅಪ್ಪುಗೆಯಲ್ಲಿ ಕೇಳಿದೆ.

ಸಂಜೆ ಪ್ರಾಸ್ಪೆಕ್ಟ್‌ನ ಮನೆಗೆ ದಿಗ್ವಿಜಯ ಮುಗಿಸಿದ ರಾಜನ ಹಾಗೆ ಕಾಲಿಟ್ಟೆ. ಸುಧಕ್ಕ ನಗುತ್ತಾ ನೆಲದ ಮೇಲೆ ಕೂತುಬಿಟ್ಟಿದ್ದಳು.

"ಟಿವಿಲಿ, ಸ್ಟೇಡಿಯಂ ದೊಡ್ಡ ಪರದೇಲಿ ಎಲ್ಲಾ ಬಂದ್ಯಲ್ಲೋ! ಕಣ್ಣಿಗೆ ಬಟ್ಟೆ, ಪಂಚೆ ಹಿಡಿಯೋಕೆ ಒಬ್ಬ ಆಳು! ಕಾಮೆಂಟರಿಯವರು ನಿನ್ನ ಏನಂದ್ರು ಗೊತ್ತಾ? ಪಾಪ, ಮದುವೆ ಗಂಡು ಅಂದ್ರು!"

ಆ ನಗು ನನ್ನನ್ನು ತಟ್ಟಲಿಲ್ಲ. ಬೀರುವಿನ ಮೇಲಿನ ಅರೆಯಿಂದ ಪುಟ್ಟ ಹಸಿರು-ಬಿಳಿ ಅಂಗಿ ಇಳಿಯಿತು. ಹೊಸ ಓಲೆಯ ಕೆಂಪು ಕಿವಿಗಳಿಗೆ ತಾಗದಂತೆ ಸುಧಕ್ಕ ಅದನ್ನು ಚಿಂಟುವಿಗೆ ತೊಡಿಸಿದಳು. ಭಾವ ಮುಖ ತಿರುಗಿಸಿದರು. ನಾನು ನಡುಮನೆಯಲ್ಲಿ ನಿಂತು ಸಣ್ಣ ಭಾಷಣವನ್ನೇ ಮಾಡಿದೆ.

"ಇದು ತಂಡದ ಗೆಲುವು ನಿಜ. ಆದರೆ ನೋಡದೇ ಇರುವ ತ್ಯಾಗವೂ ಒಂದಿದೆ. ನಾಲ್ಕಕ್ಕೆ ನಾಲ್ಕು!"

"ರೀ," ಎಂದಳು ಮೇಘಾ ಮೂಲೆಯಿಂದ, "ಒಂದು ವಿಷಯ ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳು."

"ನೀವು ಕ್ಲಾಸ್ ಮುಗಿಸಿ ಬರೋ ಹೊತ್ತಿಗೆ ಮ್ಯಾಚ್ ಮುಗಿದುಹೋಗಿರತ್ತೆ. ನೀವು ನೋಡೋದು ಮುಗಿದಿರೋ ಮ್ಯಾಚು."

"ಅದು ಗೊತ್ತು. ಅದಕ್ಕೇ ಮೊದಲಿನಿಂದ..." ಎಂದವನು ಅಲ್ಲೇ ನಿಂತೆ.

"ನಾನು ಮೊದಲೇ ಫೋನಲ್ಲಿ ರಿಸಲ್ಟ್ ನೋಡಿರ್ತೀನಿ. ಹೋದ ವರ್ಷ ಸೋತ ದಿನ ನಿಮ್ಮನ್ನ ಅಂಗಡಿಗೆ ಕಳಿಸಿದ್ದೆ. ಸಾಲಲ್ಲಿ ಯಾರೋ ಸೋತ್ರು ಅಂದಿದ್ದಕ್ಕೆ ಟ್ರಾಲಿ ಅಲ್ಲೇ ಬಿಟ್ಟು ಬರಿಗೈಲಿ ಬಂದ್ರಿ, ನೆನಪಿದೆಯಾ? ಅದಕ್ಕೇ ಈಗ ಗೆದ್ದ ದಿನ ಮಾತ್ರ ಕಳಿಸ್ತೀನಿ. ಗೆದ್ರು ಅಂತ ಗೊತ್ತಾದ್ರೆ ಎರಡು ಮೂಟೆ ಅಕ್ಕಿ ಒಬ್ಬರೇ ಹೊತ್ಕೊಂಡು ಬರ್ತೀರಿ."

ಚಿಂಟು ತನ್ನ ಹೊಸ ಅಂಗಿಯ ಅಂಚನ್ನು ಚೀಪುತ್ತಿದ್ದ.

"ಪಟ್ಟಿ ಹಾಕಿದ ದಿನವೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಕ್ಕಿ ತರೋರು ಯಾರು?"

ಭಾವ ನಕ್ಕ ರಭಸಕ್ಕೆ ಅವರ ಸೋಲಿನ ದುಃಖ ಅಲ್ಲಿಗೇ ಮುಗಿಯಿತು. ಅಂದರೆ ನನ್ನ ಪ್ರೀತಿಯ ತಂಡ ಈ ವರ್ಷ ಆಡಿದ ಅತ್ಯಂತ ರೋಚಕ ಪಂದ್ಯವನ್ನು, ಜೀವನದಲ್ಲಿ ಮೊದಲ ಸಲ ಸ್ಟೇಡಿಯಂನಲ್ಲಿದ್ದೂ, ನಾನು ಒಂದು ಕಾಂಕ್ರೀಟ್ ಗೋಡೆಯ ರೂಪದಲ್ಲಿ ನೋಡಿದ್ದೆ. ಗೋಡೆ ಚೆನ್ನಾಗಿತ್ತು. ಎರಡು ಬಿರುಕು, ಒಂದು ಜೇಡ.

ಆದರೂ ಡೈರಿಯಲ್ಲಿ ಪ್ರಾಮಾಣಿಕವಾಗಿ ಬರೆದೆ: ಪೆಲಿಕನ್, ಗೆಲುವು. ಚಿಂಟು, ನಮ್ಮವನು. ಪ್ರಸನ್ನ, ಗುರಿ ತಪ್ಪಿದ್ದಕ್ಕೆ ಒಂದು ಅಂಕ.

ಮುಂದಿನ ಶನಿವಾರ ಪರ್ತ್‌ನಲ್ಲಿ ತರಗತಿ ಮುಗಿಸಿ, ಫೋನ್ ಮುಟ್ಟದೆ, ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ. ಮೇಘಾ ಬಿಸಿ ಕಾಫಿ ತಂದು ಕೈಗಿಟ್ಟಳು. ಸೋಫಾದ ದಿಂಬನ್ನು ತಟ್ಟಿ ಸರಿಮಾಡಿದಳು.

"ಇವತ್ತು ಏನೂ ತರೋದು ಬೇಡ ರೀ. ಆರಾಮಾಗಿ ಕೂತು ಮ್ಯಾಚ್ ನೋಡಿ."

ಕಾಫಿಯನ್ನು ಕೆಳಗಿಟ್ಟೆ. ಜೆರ್ಸಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತೆ. ಸೋತರೂ ನಮ್ಮವರೇ, ಮೊದಲಿನಿಂದಲೇ ನೋಡಬೇಕು. ಗುಂಡಿ ಒತ್ತುವ ಮುಂಚೆ ಒಂದೇ ಒಂದು ಸಲ ಕೇಳಿ ನೋಡಿದೆ.

"ಅಕ್ಕಿ ಮುಗಿದಿರಬೇಕಲ್ಲ?"

"ಡಬ್ಬದ ತುಂಬಾ ಇದೆ" ಎಂದಳು ಮೇಘಾ.